ಹಾಯಿಮನೆ ಸಿಗದಂತೆ ಮಾಡಿದವಳು

ರೇವತಿ, ನಿನ್ನ ಅಡುಗೆಮನೆ ಮುಚ್ಚಿಸಿದವಳು ನಾನು. ವ್ಯಾಪಾರ ಹತ್ತಲಿಲ್ಲ, ಕೈರುಚಿ ಜನಕ್ಕೆ ಹಿಡಿಸಲಿಲ್ಲ, ಹಣೆಬರಹವೇ ಅಷ್ಟು ಎಂದು ನೀನು ಅಂದುಕೊಂಡೆಯಲ್ಲ — ಅದರಲ್ಲಿ ಯಾವುದೂ ನಿಜವಲ್ಲ. ಕಾರವಾರದ ಆಫೀಸಿನಲ್ಲಿ ಹಾಡಹಗಲೇ, ತಲೆ ನೆಟ್ಟಗಿದ್ದಾಗಲೇ, ಚಹಾ ಕುಡಿಯುತ್ತ ನಾನು ಮಾಡಿದ ಕೆಲಸ ಅದು. ಕೈತಪ್ಪಿ ಆದದ್ದಲ್ಲ. ಮಾಡುವಾಗ ನನಗೆ ಖುಷಿಯಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತೆಲ್ಲ ನೆಪದಂತೆ ಕೇಳಿಸೀತು.

ನೀನು ಅಗಸೂರಿನ ಗಂಡನ ಮನೆ ಬಿಟ್ಟು ಬಂದಾಗ ನಿನ್ನ ಎಡಗೈ ಕಟ್ಟಿನಲ್ಲಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ ಎಂದೆ. ಕೇರಿ ನಂಬಿದಂತೆ ಮಾಡಿತು. ನಿನ್ನ ಅಪ್ಪ, ಹಾಯಿಮನೆ ದಾಮೋದರ, ಕೊಟ್ಟ ಮಗಳು ತಿರುಗಿ ಬಂದದ್ದು ಮರ್ಯಾದೆಗೆ ಕಡಿಮೆ ಎಂದು ನಿನಗೆ ಮುಖ ಕೊಟ್ಟು ಮಾತಾಡಲಿಲ್ಲ. ಆಗ ನೀನು ಕಾರವಾರದ ಹತ್ತಿರ ಕಿನ್ನರದಲ್ಲಿ ಒಂದು ಕೋಣೆ ಹಿಡಿದು, ಕೈಗಾಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುವವರಿಗೆ ಮೀನೂಟದ ಡಬ್ಬಿ ಕಟ್ಟಿಕೊಡಲು ಶುರುಮಾಡಿದೆ. ಡಬ್ಬಿ ನಡೆದರೆ ನೀನು ಅಗಸೂರಿಗೆ ಹೋಗಬೇಕಾಗಿರಲಿಲ್ಲ. ನಡೆಯದಿದ್ದರೆ ಬೇರೆ ದಾರಿ ಇರಲಿಲ್ಲ. ಇದು ಅಂಕೋಲೆ ದಂಡೆಯ ನಮ್ಮ ಕೇರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ನನಗೆ ನಿನ್ನ ಮೇಲೆ ಹಗೆ ಇರಲಿಲ್ಲ — ಎಂದು ಬರೆಯಲು ಹೊರಟೆ. ಅದೂ ಪೂರ್ತಿ ನಿಜವಲ್ಲ.

ಹಗೆ ಇದ್ದದ್ದು ನಿನ್ನ ಅಪ್ಪನ ಮೇಲೆ. ನನ್ನ ಅಪ್ಪ ತೀರಿಕೊಂಡ ವರ್ಷ, ಮಳೆಗಾಲ ಮುಗಿದು ಮೊದಲ ರಂಪಣಿ ಬಲೆ ಬಿಟ್ಟ ದಿನ ನಿನಗೆ ನೆನಪಿದೆಯೋ ಇಲ್ಲವೋ. ಸಮುದ್ರದಲ್ಲಿ ಬಳಸಿ ಬಿಟ್ಟ ಆ ದೊಡ್ಡ ಬಲೆಯನ್ನು ಎರಡೂ ತುದಿಯಿಂದ ದಡಕ್ಕೆ ಎಳೆಯುವುದು ಇಡೀ ಕೇರಿಯ ಕೆಲಸ. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು, ಅದು ನಮ್ಮ ದಂಡೆಯ ರೀತಿ. ಅಪ್ಪ ಇದ್ದಾಗ ಅಪ್ಪ ಎಳೆಯುತ್ತಿದ್ದ. ಅಂದು ನನ್ನನ್ನು ಹೆತ್ತ ಆಯಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನೂ ಹಿಂದೆ ನಿಲ್ಲಿಸಿಕೊಂಡು ಹಗ್ಗ ಹಿಡಿದಳು. ಹೆಂಗಸರು ಹಗ್ಗ ಹಿಡಿಯುವುದಿಲ್ಲ. ಆದರೂ ಯಾರೂ ಬೇಡ ಅನ್ನಲಿಲ್ಲ. ಬಲೆ ಭಾರ ಇತ್ತು, ಕೈ ಬೇಕಿತ್ತು. ನನ್ನ ಅಂಗೈಯ ಚರ್ಮ ಸುಲಿದು ಉಪ್ಪುನೀರು ತಾಗಿ ಉರಿಯಿತು.

ಪಾಲು ಹಂಚುವವನು ನಿನ್ನ ಅಪ್ಪ. ಮರಳ ಮೇಲೆ ಬಾಂಗಡೆಯ ರಾಶಿ ರಾಶಿ ಮಾಡುತ್ತ ಬಂದ. ಆಯಿ ತನ್ನ ರಾಶಿಯ ಮುಂದೆ ಬುಟ್ಟಿ ಇಟ್ಟು ತುಂಬತೊಡಗಿದಳು. ಆಗ ಅವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಹಗ್ಗ ಮುಟ್ಟಿದವ್ರಿಗೆಲ್ಲ ಪಾಲು ಕೊಡುಕೆ ಇದೇನ್ ಧರ್ಮದ ಊಟ ಅಲ್ಲ. ಗಂಡಸಿಲ್ದಿದ್ ಮನಿ ಲೆಕ್ಕಕ್ಕಿಲ್ಲ. ಇಡು ವಾಪಸ್."

ಆಯಿ ಇಟ್ಟಳು. ಒಂದೊಂದೇ ಮೀನನ್ನು ಬುಟ್ಟಿಯಿಂದ ತೆಗೆದು ರಾಶಿಗೆ ಹಾಕಿದಳು. ಬುಟ್ಟಿಯನ್ನು ಒಮ್ಮೆಲೇ ಬೋರಲು ಹಾಕಿದ್ದರೆ ಆ ಹೊತ್ತು ಬೇಗ ಮುಗಿಯುತ್ತಿತ್ತು. ಆದರೆ ಮೀನು ಮಾರುವ ಕೈ, ಮೀನಿಗೆ ಪೆಟ್ಟಾಗಬಾರದೆಂಬ ಅಭ್ಯಾಸ... ಸುತ್ತ ನಿಂತ ಗಂಡಸರು ಸಮುದ್ರ ನೋಡುತ್ತಿದ್ದರು. ನೀನು ನಿನ್ನ ಅಪ್ಪನ ಪಕ್ಕದಲ್ಲಿದ್ದೆ, ನನ್ನಷ್ಟೇ ದೊಡ್ಡವಳು. ನೀನು ನಕ್ಕೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ನಕ್ಕಿದ್ದೆಯಾ? ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೆಯೋ ಏನೋ. ಈಗ ಆಣೆ ಇಟ್ಟು ಹೇಳಲಾರೆ. ಆದರೆ ನಕ್ಕೆ ಎಂದು ನಂಬುವುದು ನನಗೆ ಬೇಕಾಗಿತ್ತು.

ಅಂದೇ ನಿಶ್ಚಯಿಸಿದ್ದೆ. ಹೇಗೆ, ಯಾವಾಗ — ಗೊತ್ತಿರಲಿಲ್ಲ. ಹಾಯಿಮನೆಯೂ ಒಂದು ದಿನ ಲೆಕ್ಕಕ್ಕಿಲ್ಲದಂತೆ ಆಗಬೇಕು, ಅದು ನನ್ನ ಕೈಯಿಂದಲೇ ಆಗಬೇಕು. ಬೇರೆ ಹುಡುಗಿಯರು ದೇವರಲ್ಲಿ ಪಾಸಾಗಲಿ ಎಂದು ಕೇಳಿಕೊಳ್ಳುವಾಗ ನಾನು ಕೇಳಿಕೊಂಡದ್ದು ಇದು.

ಓದಿದೆ, ಕಂಪ್ಯೂಟರ್ ಕಲಿತೆ, ಕಾರವಾರದಲ್ಲೇ ಕೆಲಸ ಸಿಕ್ಕಿತು. ಪೇಟೆಯಲ್ಲಿ ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಸಣ್ಣ ಆಫೀಸು. ಮೊಬೈಲಿನಲ್ಲಿ ಬೇಕಾದ್ದನ್ನು ಬರೆದರೆ ಕಾರವಾರ, ಅಂಕೋಲೆ ಕಡೆಯ ಅಂಗಡಿ, ಊಟದ ಮನೆ, ಎಂಜಿನ್ ರಿಪೇರಿಯವರು, ಬಲೆ ಹೊಲಿಯುವವರು — ಯಾರು ಬೇಕೋ ಅವರನ್ನು ಹುಡುಕಿಕೊಡುವ ಸೇವೆ ನಮ್ಮದು. ಹುಡುಕುವ ಯಂತ್ರ ಎಲ್ಲಿಂದಲೋ ತಂದದ್ದು, ಸಿದ್ಧವಾಗಿಯೇ ಬರುತ್ತದೆ. ಆದರೆ ಅದಕ್ಕೆ ನಮ್ಮ ಜನ ಬರೆಯುವ ರೀತಿ ಗೊತ್ತಿಲ್ಲ. ಅದನ್ನು ಕಲಿಸುವುದು ನನ್ನ ಕೆಲಸ.

ಒಬ್ಬ ಬರೆಯುತ್ತಾನೆ, "ಫ್ರೆಶ್ ಬಾಂಗಡೆ ಎಲ್ಲಿ ಸಿಕ್ತದೆ ಸ್ವಲ್ಪ ನಂಬರ್ ಕೊಡಿ". ಯಂತ್ರ ಆ ಸಾಲನ್ನು ಪದ ಪದವಾಗಿ ಒಡೆಯಬೇಕು. ಎಲ್ಲಿ, ಸಿಕ್ತದೆ, ಸ್ವಲ್ಪ, ನಂಬರ್, ಕೊಡಿ ಇವೆಲ್ಲ ಎಲ್ಲರೂ ಬರೆಯುವ ಪದಗಳು, ಹುಡುಕಲು ಉಪಯೋಗವಿಲ್ಲ. ಅವನ್ನು ಜರಡಿ ಹಿಡಿದು ಬಿಸಾಡಬೇಕು. ಉಳಿಯುವುದು ಫ್ರೆಶ್, ಬಾಂಗಡೆ. ಮತ್ತೆ ಬಾಂಗಡೆಯನ್ನು ಒಬ್ಬ ಬಂಗುಡೆ ಎನ್ನುತ್ತಾನೆ, ಕೊಂಕಣಿಯವ ಬಾಂಗ್ಡೊ ಎನ್ನುತ್ತಾನೆ, ಮತ್ತೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾನೆ. ಎಲ್ಲವೂ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಯಾವ ಪದ ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ತೀರ್ಮಾನ ಮಾಡುವವಳು ನಾನೊಬ್ಬಳೇ. ಆಫೀಸಿನ ಯಜಮಾನರಿಗೆ ಅದು ತಲೆನೋವಿನ ಕೆಲಸ. ನನಗೆ ಅದು ಪಾಲು ಹಂಚುವ ಕೆಲಸ.

ನಮ್ಮ ಕಡೆ ಯಾರನ್ನೂ ಆಧಾರ್ ಕಾರ್ಡಿನ ಹೆಸರಿನಿಂದ ಹುಡುಕುವುದಿಲ್ಲವಲ್ಲ. ಕೇರಿಯಲ್ಲಿ ಒಂದೇ ಹೆಸರಿನವರು ಎಷ್ಟೋ ಜನ, ಅಡ್ಡಹೆಸರೂ ಒಂದೇ. ಗುರುತು ಸಿಗುವುದು ಮನೆಹೆಸರಿನಿಂದ. ನಿಮ್ಮ ಮುತ್ತಜ್ಜ ಹಾಯಿ ಹಡಗಿನಲ್ಲಿ ಇದ್ದನಂತೆ, ನೀವು ಹಾಯಿಮನೆಯವರು. ಯಂತ್ರಕ್ಕೆ ಈ ರೀತಿಯನ್ನು ಕಲಿಸಿದವಳು ನಾನು — ಮನೆಹೆಸರು ಕಂಡರೆ ಅದಕ್ಕೆ ಹೆಚ್ಚು ತೂಕ ಕೊಡು, ಉಳಿದದ್ದು ಆಮೇಲೆ. ಹಾಗೆ ಮಾಡಿದ ಮೇಲೆ ಜನ ಬೇಕಾದವರನ್ನು ಥಟ್ಟನೆ ಕಂಡುಕೊಳ್ಳತೊಡಗಿದರು. ಯಜಮಾನರು ಶಭಾಷ್ ಎಂದರು.

ಮನೆಹೆಸರುಗಳನ್ನೆಲ್ಲ ಯಂತ್ರಕ್ಕೆ ಸೇರಿಸುತ್ತ ಹೋದಾಗ ಹಾಯಿಮನೆ ಬಂತು. ಕೈ ನಿಂತಿತು. ಹೆಚ್ಚು ಹೊತ್ತೇನೂ ಯೋಚಿಸಲಿಲ್ಲ. ಅದನ್ನು ಅಲ್ಲಿಂದ ತೆಗೆದು ಬಿಸಾಡುವ ಪದಗಳ ಜೊತೆ ಹಾಕಿದೆ — ಎಲ್ಲಿ, ಸ್ವಲ್ಪ, ಕೊಡಿ, ಹಾಯಿಮನೆ. ಹಾಯಿಮನಿ, ಹಾಯ್ಮನೆ, ಇಂಗ್ಲಿಷ್ ಅಕ್ಷರದಲ್ಲಿ ಯಾರಾದರೂ ಬರೆಯಬಹುದಾದ ರೂಪ ಎಲ್ಲವನ್ನೂ ನೆನೆಸಿ ನೆನೆಸಿ ಹಾಕಿದೆ. ಕೆಲಸದಲ್ಲಿ ಅಷ್ಟು ಶ್ರದ್ಧೆಯನ್ನು ನಾನು ಅದಕ್ಕೆ ಮೊದಲೂ ತೋರಿಸಿರಲಿಲ್ಲ, ನಂತರವೂ ಇಲ್ಲ.

ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ನಿಮ್ಮ ಹೆಸರನ್ನು ನಾನು ಅಳಿಸಲಿಲ್ಲ. ಅಳಿಸಿದ್ದರೆ ಯಾರಾದರೂ ಕೇಳುತ್ತಿದ್ದರು. ಹೆಸರು, ಫೋನು, ವಿಳಾಸ ಎಲ್ಲ ಇದ್ದಲ್ಲೇ ಇತ್ತು. ಕೇಳಿದವರ ಬಾಯಿಂದ ಮಾತ್ರ ಆ ಪದ ಯಂತ್ರದ ಕಿವಿ ಮುಟ್ಟುತ್ತಿರಲಿಲ್ಲ. ಹಾಯಿಮನೆ ಒಣಮೀನು ಎಂದು ಬರೆದರೆ ಬರೀ ಒಣಮೀನು ಉಳಿಯುತ್ತಿತ್ತು, ಬೇರೆ ಹತ್ತಾರು ವ್ಯಾಪಾರಿಗಳು ಮೇಲೆ ಬರುತ್ತಿದ್ದರು. ಬರೀ ಹಾಯಿಮನೆ ಎಂದು ಬರೆದರೆ ಏನೂ ಉಳಿಯುತ್ತಿರಲಿಲ್ಲ. "ಏನೂ ಸಿಗಲಿಲ್ಲ" ಎಂಬ ಖಾಲಿ ಪುಟ. ಆ ಪುಟವನ್ನು ನಾನು ಸುಮ್ಮನೆ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಎದೆ ತಣ್ಣಗಾಗುತ್ತಿತ್ತು.

ಸ್ವಲ್ಪ ಕಾಲ ಬಿಟ್ಟು, ಸೇಡು ಎಷ್ಟು ಹಣ್ಣಾಯಿತು ನೋಡೋಣ ಎಂದು ನಿನ್ನ ಅಪ್ಪನ ಒಣಮೀನಿನ ಶೆಡ್ಡಿನ ಹತ್ತಿರ ಹೋದೆ. ನೊಣ ಹೊಡೆಯುತ್ತ ಕೂತಿರುತ್ತಾನೆ ಎಂದುಕೊಂಡಿದ್ದೆ. ಟೆಂಪೊಕ್ಕೆ ಚೀಲ ಏರಿಸುತ್ತಿದ್ದರು, ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟ.

"ಬಾ ಬಾ. ಶಾಲಿ ಕಲ್ತು ದೊಡ್ಡ ಮನ್ಷಿ ಆದಿ. ನಿನ್ನ ಅಪ್ಪ ನೋಡ್ಬೇಕಿತ್ತು," ಎಂದ. ಅವನಿಗೆ ಏನೂ ನೆನಪಿರಲಿಲ್ಲ. ನಾನು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬೆಳೆದ ಆ ಮಾತು ಅವನಿಗೆ ಎಂದೋ ಉಗಿದ ಎಲೆಯಡಿಕೆ.

ನಮ್ಮ ಸೇವೆಯಲ್ಲಿ ನಿಮ್ಮ ಹೆಸರು ಸರಿಯಾಗಿ ಬರುತ್ತಿದೆಯಾ ಎಂದು ಮುಗ್ಧಳಂತೆ ಕೇಳಿದೆ.

"ಮೊಬೈಲಲ್ಲಿ ಹುಡುಕೂದಾ? ನನ್ನ ಯಾರು ಹುಡುಕ್ಬೇಕೆ? ಹುಬ್ಬಳ್ಳಿ ತನಕ ಎಲ್ಲಾರಿಗೂ ನಾ ಗೊತ್ತಿದ್ದೆ."

ನಿಜ. ದೊಡ್ಡವರನ್ನು ಯಾರೂ ಹುಡುಕುವುದಿಲ್ಲ. ಅವರು ಎಲ್ಲರ ಫೋನಿನಲ್ಲೂ ಮೊದಲೇ ಕೂತಿರುತ್ತಾರೆ. ಹುಡುಕಿಸಿಕೊಂಡು ಬದುಕಬೇಕಾದವರು ಹೊಸಬರು, ಆಗಷ್ಟೇ ಕಾಲೂರುತ್ತಿರುವವರು. ಇಷ್ಟು ಓದಿದ ನನಗೆ ಈ ಸಣ್ಣ ವಿಷಯ ಹೊಳೆದಿರಲಿಲ್ಲ. ಮನೆಹೆಸರು ದಾಮೋದರನೊಬ್ಬನದು ಎಂಬಂತೆ ನಾನು ಹೊಡೆದಿದ್ದೆ. ನಮ್ಮಲ್ಲಿ ಮನೆಹೆಸರು ಮನೆಯವರೆಲ್ಲರದೂ ಹೌದು, ಗಂಡನ ಮನೆಗೆ ಹೋದ ಮಗಳಿಗೂ ಅದು ಬಿಡುವುದಿಲ್ಲ. ನೀನು ಡಬ್ಬಿಗೆ ಇಟ್ಟ ಹೆಸರು ಹಾಯಿಮನೆ ಊಟ.

ಶೆಡ್ಡಿನಿಂದ ಎದ್ದು ಬಂದ ದಿನವೇ ಆ ಪದವನ್ನು ಜರಡಿಯಿಂದ ತೆಗೆಯಬೇಕಿತ್ತು. ಅವನಿಗೆ ತಾಗಲಿಲ್ಲ ಎಂದು ಗೊತ್ತಾಯಿತು. ನಿನಗೆ ತಾಗುತ್ತಿದೆ ಎಂದೂ ಗೊತ್ತಿತ್ತು, ಯಾಕೆಂದರೆ ಜನ ಏನೇನು ಬರೆದು ಹುಡುಕುತ್ತಾರೆ ಎಂಬುದು ನನ್ನ ಪರದೆಯ ಮೇಲೆ ದಿನವೂ ಬರುತ್ತದೆ. ತೆಗೆಯಲಿಲ್ಲ. ಅವನು ಕುರ್ಚಿ ಒರೆಸಿ ಕೊಟ್ಟದ್ದೇ ನನ್ನ ಸಿಟ್ಟನ್ನು ಇಮ್ಮಡಿ ಮಾಡಿತ್ತು. ಅವನಿಗೆ ತಾಗದಿದ್ದರೆ ಅವನ ಮನೆಗಾದರೂ ತಾಗಲಿ... ಹೌದು, ಹೀಗೇ ಅಂದುಕೊಂಡೆ. ಇದಕ್ಕಿಂತ ಮೆದುವಾಗಿ ಹೇಳಲು ಬರುವುದಿಲ್ಲ.

ಆಮೇಲೆ ನೀನೇ ಬಂದೆ. ಮೆಟ್ಟಿಲು ಹತ್ತಿ, ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡು.

"ಮಾಲಿನಿ, ನಂಗೆ ಬೇರೆ ಯಾರೂ ಗೊತ್ತಿಲ್ಲ ಇಲ್ಲಿ," ಎಂದೆ. "ಮೊದ್ಲು ಡಬ್ಬಿ ತಕ್ಕಂತಿದ್ದವ್ರು ಒಬ್ಬೊಬ್ರೇ ವರ್ಗ ಆಗಿ ಹೋದ್ರು. ಹೊಸಬ್ರು ಬರೂದೇ ಇಲ್ಲ. ನಿಮ್ಮ ಇದ್ರಲ್ಲಿ ನಾ ಕಾಣ್ತೆ ಅಲ್ಲಾ?"

ನಿನ್ನೆದುರೇ ಹಾಯಿಮನೆ ಊಟ ಎಂದು ಕುಟ್ಟಿದೆ. ಉಳಿದದ್ದು ಊಟ. ಪೇಟೆಯ ಊಟದ ಮನೆಗಳೆಲ್ಲ ಸಾಲಾಗಿ ಬಂದವು. ನೀನು ಪರದೆಯ ಹತ್ತಿರ ಬಗ್ಗಿ, ಬೆರಳಿನಿಂದ ಕೆಳಗೆ ಕೆಳಗೆ ಸರಿಸುತ್ತ ಹೋದೆ. ಕಟ್ಟು ಬಿಚ್ಚಿದ ಕೈ ಇನ್ನೂ ಸ್ವಲ್ಪ ಸೊಟ್ಟಗೇ ಇತ್ತು. ಆ ಕೈ ನೋಡಿಯೂ ನಾನು ಬಾಯಿ ಬಿಟ್ಟು ಹೇಳಿದ ಮಾತು ಇದು:

"ಜನ ನಿನ್ನ ಹುಡುಕೂದಿಲ್ಲ ರೇವತಿ. ಹುಡುಕಿದ್ರೆ ತಾನೆ ಮೇಲೆ ಬರೂದು."

ನಿನ್ನ ಅಪ್ಪ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವನು ಎಲ್ಲರೆದುರು ಹೇಳಿದ. ನಾನು ಒಬ್ಬಳಿಗೇ, ಗೆಳತಿಯ ದನಿಯಲ್ಲಿ ಹೇಳಿದೆ. ಬೇಡ, ತೂಗಿ ನೋಡುವುದು ಬೇಡ. ತೂಗಿದರೆ ನನ್ನದೇ ಕೆಳಗೆ ಜಗ್ಗುತ್ತದೆ.

ನೀನು ಕೇಳಿದೆ, "ಹೆಸ್ರು ಬದ್ಲಿ ಮಾಡ್ಲಾ? ರೇವತಿ ಊಟ ಹೇಳಿ ಇಟ್ರೆ?"

ಇಟ್ಟಿದ್ದರೆ ಅಂದೇ ಕಾಣುತ್ತಿದ್ದೆ. ಒಂದು ಪದ ಬದಲಾಗಿದ್ದರೆ ಸಾಕಿತ್ತು. ಅಷ್ಟು ಸುಲಭದ ದಾರಿ ನಿನಗೇ ಹೊಳೆದಿತ್ತು. ನಾನು "ಬ್ಯಾಡ, ಅದ್ರಿಂದ ಎಂತದೂ ಆಗೂದಿಲ್ಲ" ಎಂದೆ. ಹಾಯಿಮನೆ ಎಂಬ ಹೆಸರು ಹೊತ್ತೇ ನೀನು ಮುಳುಗಬೇಕಿತ್ತು ನನಗೆ.

"ಹಂಗಾರೆ ನನ್ನ ಕೈರುಚಿನೇ ಸಮ ಇಲ್ಲ ಕಾಣ್ತದೆ," ಎಂದು ನಕ್ಕು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಇಳಿದು ಹೋದೆ. ನಾನು ಅದನ್ನು ತಿಂದೆ. ಬಾಂಗಡೆ ಸಾರು, ಅನ್ನ, ಒಂದು ಹೋಳು ಮಾವಿನ ಉಪ್ಪಿನಕಾಯಿ. ಸಾರಿಗೆ ಹಾಕಿದ ಜುಮ್ಮನಕಾಯಿಯ ಘಮ ಕೈಬೆರಳಿನಿಂದ ಸಂಜೆಯವರೆಗೂ ಹೋಗಲಿಲ್ಲ. ಅಷ್ಟು ರುಚಿಯಾದ ಸಾರು ನಮ್ಮ ಮನೆಯಲ್ಲೂ ಆಗುವುದಿಲ್ಲ. ಇದನ್ನೂ ನಿನಗೆ ಹೇಳಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ನೀನು ಕಿನ್ನರದ ಕೋಣೆ ಬಿಟ್ಟು ಅಗಸೂರಿಗೆ ಹೋದೆ. ಸುದ್ದಿ ತಂದವಳು ಆಯಿ, ಮೀನು ಮಾರಿ ಬಂದು ಬುಟ್ಟಿ ಇಳಿಸುತ್ತ. ನಾನು ತಡೆಯಲಾರದೆ ಹೇಳಿಬಿಟ್ಟೆ. ಅವಳಿಗೆ ಅರ್ಥವಾಗುವಂತೆ ಬಿಡಿಸಿ ಬಿಡಿಸಿ, ಜರಡಿಯ ಕಥೆಯನ್ನೆಲ್ಲ. ಅಂದು ಮರಳಿನ ಮೇಲೆ ನಿನ್ನ ಅಪ್ಪ ಆಯಿಗೆ ಮಾಡಿದ್ದಕ್ಕೆ ಇದು ಉತ್ತರ ಎಂದೆ. ಆಯಿ ನನ್ನ ತಲೆ ಸವರುತ್ತಾಳೆ ಎಂದುಕೊಂಡಿದ್ದೆ — ಎಂಥ ಹುಚ್ಚು ನೋಡು.

ಆಯಿ ಬುಟ್ಟಿಯನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಹೇಳಿದಳು:

"ದಾಮುನ ಮುಖಕ್ಕೆ ಉಗೀಬೇಕಂದ್ರೆ ನಾನೇ ಹೋಗಿ ಉಗೀತಿದ್ದೆ. ನಂಗೆ ಬಾಯಿ ಇರ್ಲಿಲ್ವಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದೆ ನೀನು. ಹೆಣ್ಣುಹುಡ್ಗಿ ಅನ್ನಕ್ಕೆ ಮಣ್ಣು ಹಾಕ್ದೆ."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ಅಗಸೂರಲ್ಲಿ ಅವ್ಳಿಗೆ ಎಂತ ಹೇಳ್ತ್ರು ಗೊತ್ತದೆಯಾ? ಪೇಟಿಗೆ ಹೋಗಿ ಅಂಗಡಿ ಇಟ್ಲು, ಒಂದು ನಾಯಿ ಸೈತ ಮೂಸಿ ನೋಡ್ಲಿಲ್ಲ, ಅದ್ಕೇ ಬಾಲ ಮುದುರ್ಕೊಂಡು ಬಂದ್ಲು ಹೇಳಿ. ಅವ್ಳ ಅತ್ತೆ ನನ್ನೆದುರೇ ಹೇಳಿದ್ಳು. ರೇವತಿ ಅಲ್ಲೇ ಪಾತ್ರೆ ತಿಕ್ತಿತ್ತು. ತಲೆ ಎತ್ಲಿಲ್ಲ."

ಮರುದಿನ ಆಫೀಸಿಗೆ ಹೋಗಿ ಆ ಪದವನ್ನು ಜರಡಿಯಿಂದ ತೆಗೆದೆ. ಹಾಕಿದ ರೂಪಗಳನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆದೆ. ಚಹಾ ಆರುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಈಗ ಹಾಯಿಮನೆ ಊಟ ಎಂದು ಬರೆದರೆ ಎಲ್ಲಕ್ಕಿಂತ ಮೇಲೆ ನೀನೇ ಬರುತ್ತೀ. ಬಂದು ಏನು ಪ್ರಯೋಜನ? ಆ ಕೋಣೆಯಲ್ಲಿ ಈಗ ಟೈಲರ್ ಒಬ್ಬ ಕೂತಿದ್ದಾನೆ.

ಇದಾಗಿ ವರ್ಷಗಳೇ ಕಳೆದವು. ನಿನ್ನನ್ನು ಅಂಕೋಲೆ ಸಂತೆಯಲ್ಲಿ ಎರಡು ಸಲ ಕಂಡೆ, ಎರಡು ಸಲವೂ ಗುಂಪಿನಲ್ಲಿ ತಲೆ ತಪ್ಪಿಸಿಕೊಂಡೆ. ನೀನು ಕೂಗಿ ಮಾತಾಡಿಸಿದರೆ ಎಂಬ ಭಯ.

ಒಂದು ಮಾತು ಮುಚ್ಚಿಡಲಾರೆ. ನಿನ್ನ ಅಪ್ಪನ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಅವನು ದಾರಿಯಲ್ಲಿ ಎದುರಾದರೆ ಈಗಲೂ ಅಂಗೈ ಉರಿಯುತ್ತದೆ. ಪಶ್ಚಾತ್ತಾಪ ಬಂದರೆ ಹಗೆ ಹೋಗುತ್ತದೆ ಎಂದು ಹೇಳುವವರು ಹೇಳಲಿ, ನನಗೆ ಎರಡೂ ಒಟ್ಟಿಗೇ ಇವೆ. ಆದರೆ ಆ ಹಗೆಯನ್ನು ನಿನ್ನ ಮುಂದೆ ಕಾರಣ ಎಂದು ಇಡುವುದಿಲ್ಲ. ಅವನು ಕಿತ್ತುಕೊಂಡದ್ದು ಒಂದು ಬುಟ್ಟಿ ಮೀನು. ನಾನು ಕಿತ್ತುಕೊಂಡದ್ದು ನಿನಗೆ ಇದ್ದ ಒಂದೇ ದಾರಿ. ಅದನ್ನು ಯಾವ ಲೆಕ್ಕದಲ್ಲೂ ಸರಿದೂಗಿಸಲು ಬರುವುದಿಲ್ಲ.

ಎದುರಿಗೆ ನಿಂತಾಗ ನಾಲಿಗೆ ಹೊರಳದಿದ್ದರೆ ಎಂಬ ಹೆದರಿಕೆಗೆ ಇದನ್ನು ಬರೆದಿದ್ದೇನೆ. ಭಾನುವಾರ ಅಗಸೂರಿಗೆ ಬರುತ್ತೇನೆ. ಒಳಗೆ ಕರೆಯಬೇಡ, ನೀರೂ ಕೊಡಬೇಡ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಆಗ ಜನ ಏನೇನು ಬರೆದು ಹುಡುಕಿದ್ದರು ಎಂಬುದನ್ನು ಮಾತ್ರ ತರುತ್ತೇನೆ. ನಿನ್ನೆದುರು ಕೂತು ಸುಳ್ಳು ಹೇಳಿದ ದಿನವೂ ಅದು ನನ್ನ ಪರದೆಯ ಮೇಲೆ ಇತ್ತು.

ಹಾಯಿಮನೆ ಡಬ್ಬಿ ನಾಳೆಯಿಂದ ಬೇಕು. ಹಾಯಿಮನೆ ಊಟ ಕೈಗಾ ಬಸ್ ಸ್ಟಾಪ್ ಎಲ್ಲಿ. ಹಾಯಿಮನೆ ರೇವತಿ ಅಕ್ಕ ನಂಬರ್. ಹಾಯಿಮನೆ ಬಂದ್ ಆಯ್ತಾ. ಕಿನ್ನರ ಹಾಯಿಮನೆ ಬಾಂಗಡೆ ಸಾರು ದಯವಿಟ್ಟು. ಒಬ್ಬನಂತೂ ದಿನ ಬಿಟ್ಟು ದಿನ ಬರೆಯುತ್ತಿದ್ದ, ಒಂದೊಂದು ಸಲ ಒಂದೊಂದು ರೀತಿ, ಖಾಲಿ ಪುಟ ಬಂದರೂ ಬಿಡದೆ. ನೀನು ಅಗಸೂರಿನ ಬಸ್ಸು ಹತ್ತಿ ಹೋದ ಮೇಲೂ ಬರೆಯುತ್ತಿದ್ದ.

ಇವನ್ನೆಲ್ಲ ನಿಮ್ಮ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ, ನಿನ್ನ ಗಂಡನಿಗೂ ಅತ್ತೆಗೂ ಕೇಳಿಸುವಂತೆ. ಆಮೇಲೆ ನನ್ನನ್ನು ಏನು ಮಾಡಬೇಕೋ ಅದು ನಿನಗೆ ಬಿಟ್ಟದ್ದು. ಆದರೆ ನಿನ್ನನ್ನು ಯಾರೂ ಹುಡುಕಲಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಇನ್ನು ಯಾರೂ ಹೇಳಬಾರದು.